ಕಕ್ಕೋ ಕಾರ್ನ್ ಸ್ನೇಕ್ ಮರಿನ ದಾರಿಗೆ ತಂದಿದ್ದು: ನನ್ನ ಅನುಭವ

ತಿಂದಿದ್ದನ್ನ ಕಕ್ಕೋ ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕೋ ವಿಷವಿಲ್ಲದ ಹಾವು) ಮರಿಗೆ ದುಡ್ಡು ಸುರೀಬೇಡ ಮಾರಾಯ, ಅದು ಉಳಿಯಲ್ಲ ಅಂತ ಇಲ್ಲಿ ಅಮೆರಿಕದ ಕೊಲಂಬಸ್ಸಲ್ಲಿ ಹಾವು ಸಾಕೋ ಗೆಳೆಯರೆಲ್ಲ ಹೇಳಿದ್ರು. ಅದೇ ಮರಿ ಈಗ ನೂರು ಗ್ರಾಂ ದಾಟಿದೆ, ಹಾಪರ್ (ಕೂದಲು ಬಂದ ಇಲಿಮರಿ) ತೋರಿಸಿದ್ರೆ ಸಾಕು ಇಕ್ಕಳದ ಸಮೇತ ಎಳ್ಕೊಳ್ಳುತ್ತೆ.

ಸರೀಸೃಪ ಮಾರೋ ಎಕ್ಸ್‌ಪೋದಲ್ಲಿ ಅರವತ್ತು ಡಾಲರ್ ಚಿಲ್ಲರೆ ಕೊಟ್ಟು ತಂದಿದ್ದು, ಆಗ ಆರೇಳು ಗ್ರಾಂ ಇತ್ತು. ಮೊದಲ ಪಿಂಕಿ (ಕೂದಲು ಬರದ ಇಲಿಮರಿ, ಫ್ರೀಜ್ ಮಾಡಿದ್ದು) ಚೆನ್ನಾಗೇ ನುಂಗ್ತು, ಮೂರನೇ ದಿನ ಅದನ್ನಿಟ್ಟ ಟಬ್ ತೆಗೆದ್ರೆ ಕಕ್ಕಿದ ಪಿಂಕಿಯ ವಾಸನೆ, ಗೊತ್ತಿರೋರಿಗೆ ಗೊತ್ತು. ಮಾರಿದವನನ್ನ ಕೇಳಿದ್ರೆ ಹಸಿದಿರುತ್ತೆ ನಾಳೆನೇ ಇನ್ನೊಂದು ಕೊಡು ಅಂದ, ಕೊಟ್ಟೆ, ಅದನ್ನೂ ಕಕ್ಕಿತು. ಕಕ್ಕಿದಾಗ ಹೊಟ್ಟೆಯ ಆಸಿಡ್ಡೂ ಆಚೆ ಹೋಗುತ್ತೆ, ಅನ್ನನಾಳ ಉರಿದಿರುತ್ತೆ, ಅದರ ಮೇಲೆ ಮತ್ತೆ ತುರುಕಿದ್ರೆ ಹೇಗೆ ನಿಲ್ಲುತ್ತೆ ಹೇಳಿ. ಕ್ರಿಪ್ಟೋ (ಹಾವಿನ ಹೊಟ್ಟೆಗೆ ಬರೋ ಪರಾವಲಂಬಿ ರೋಗ) ಇರಬಹುದು ಅನ್ನೋ ಭಯಕ್ಕೆ ವೆಟ್ ಹತ್ರ ಹೋದೆ. ಹಿಕ್ಕೆ ಟೆಸ್ಟು, ಪಿಸಿಆರ್ರು, ಅವರ ಫೀಸು ಎಲ್ಲ ಸೇರಿ ಇನ್ನೂರು ಡಾಲರ್ ಹತ್ರ ಹೋಯ್ತು, ಸಿಕ್ಕಿದ್ದು ಏನೂ ಇಲ್ಲ. ಹಾವಿನ ಮೂರು ಪಟ್ಟು ಬಿಲ್ಲು!

ಆಮೇಲೆ ಇಪ್ಪತ್ತು ಡಾಲರಿಂದು ಟೆಂಪ್ ಗನ್ (ದೂರದಿಂದಲೇ ಬಿಸಿ ಅಳೆಯೋದು) ತಗೊಂಡು ರಾತ್ರಿ ಎರಡಕ್ಕೆ ಎದ್ದು ನೋಡಿದೆ. ಥರ್ಮೋಸ್ಟಾಟ್ 85 ಡಿಗ್ರಿ ಫ್ಯಾರನ್‌ಹೀಟ್ ತೋರಿಸ್ತಿದೆ, ಸುಳ್ಳಲ್ಲ, ಟಬ್ ಬಿಸಿ ಮಾಡೋ ಮ್ಯಾಟ್ ಮೇಲೆ ಅಷ್ಟಿದೆ. ಆದ್ರೆ ಮರಿ ಇರೋದು ತಣ್ಣನೆ ಕಡೆ ಹೈಡ್ (ಬಚ್ಚಿಟ್ಕೊಳ್ಳೋ ಗೂಡು) ಒಳಗೆ, ಅಲ್ಲಿ ಅರವತ್ತರ ಮೇಲೆ ಚೂರು, ಬೇಸ್‌ಮೆಂಟ್ ಅಲ್ವಾ. ಮರಿ ಹಾವಿಗೆ ಬಿಸಿಗಿಂತ ಬಚ್ಚಿಟ್ಕೊಳ್ಳೋದೇ ಮುಖ್ಯ, ಚಳಿಗೆ ಜೀರ್ಣ ಆಗದೆ ಹೊಟ್ಟೆಯಲ್ಲಿ ಪಿಂಕಿ ಕೊಳೀತಿದ್ರೂ ಬಯಲಿಗೆ ಬರಲ್ಲ. ಟಬ್ಬನ್ನ ಮೇಲಿನ ಬೆಡ್‌ರೂಮ್ ಕ್ಲಾಸೆಟ್ಟಿಗೆ ತಂದೆ (ಹೆಂಡತಿ ಎರಡು ದಿನ ಮಾತಾಡ್ಲಿಲ್ಲ), ಬಿಸಿ ಕಡೆ ಮೈಗೆ ಒತ್ತೋ ಅಷ್ಟು ಚಿಕ್ಕ ಹೈಡ್ ಇಟ್ಟು, ಉಳಿದ ಜಾಗಕ್ಕೆಲ್ಲ ಪೇಪರ್ ಟವೆಲ್ ಮುದುರಿ ತುಂಬಿದೆ.

ಆಮೇಲೆ ಹತ್ತು-ಹನ್ನೆರಡು ದಿನ ಬರೀ ನೀರು. ಎಲ್ರೂ ಬೈದಿದ್ದು ಇಲ್ಲೇ. ತೂಕ ಐದು ಗ್ರಾಮಿಗೆ ಇಳೀತು, ಬಲವಂತವಾಗಿ ತಿನ್ನಿಸು, ಪಿಂಕಿ ಪಂಪ್ (ಪಿಂಕಿ ಅರೆದು ಗಂಟಲಿಗೆ ತಳ್ಳೋ ಸಿರಿಂಜು) ತಗೋ ಅಂತ ಒತ್ತಾಯ. ಪಂಪ್ ಕೊಡ್ತೀನಿ ಅಂದವನ ಮರಿ ಅದರಲ್ಲೇ ಸತ್ತಿತ್ತು, ಅದನ್ನ ಮಾತ್ರ ಅವನು ಹೇಳಲ್ಲ. ಊರಿಂದ ಅಮ್ಮ ಫೋನಲ್ಲಿ ಒಂದು ಚಮಚ ಮಜ್ಜಿಗೆ ಕುಡಿಸು ಅಂದ್ರು. ಸರೀಸೃಪಗಳ ಪ್ರೋಬಯಾಟಿಕ್ ಪುಡಿ ಅಂತ ಮಾರ್ತಾರಲ್ಲ, ಅದೂ ಮಜ್ಜಿಗೆ ಥರ ಹೊಟ್ಟೆಗೆ ಒಳ್ಳೇ ಬ್ಯಾಕ್ಟೀರಿಯಾನೇ, ಚಿಟಿಕೆ ಉದುರಿಸಿದೆ, ಕೆಲಸ ಮಾಡ್ತೋ ಬಿಡ್ತೋ ವಾದಕ್ಕೆ ಬರಲ್ಲ.

ಮೊದಲ ಊಟ ಅರ್ಧ ಪಿಂಕಿ ಅಷ್ಟೇ, ಪಿಂಕಿಯ ಬೆನ್ನಿಗೆ ಬ್ಲೇಡಲ್ಲಿ ಮೂರ್ನಾಲ್ಕು ಗೀರು. ಚರ್ಮ ಒಡೆದಿದ್ರೆ ಜೀರ್ಣರಸ ಬೇಗ ಒಳಗೆ ಇಳಿಯುತ್ತೆ. ಮರಿನೂ ಪಿಂಕಿನೂ ಡೆಲಿ ಕಪ್ಪಲ್ಲಿ (ಮುಚ್ಚಳದ ಚಿಕ್ಕ ಪ್ಲಾಸ್ಟಿಕ್ ಡಬ್ಬಿ) ಹಾಕಿ ಕತ್ತಲೆಯಲ್ಲಿ ರಾತ್ರಿಯಿಡೀ ಬಿಟ್ಟೆ, ಬೆಳಿಗ್ಗೆ ಖಾಲಿ. ವಾರ ಮುಟ್ಟಲಿಲ್ಲ, ಹಿಕ್ಕೆ ಬಿತ್ತು! ಮತ್ತೆ ಅರ್ಧ, ಮತ್ತೆ ಅರ್ಧ. ಮೂರ್ನಾಲ್ಕು ಸಲ ಸರಿಯಾಗಿ ಹಿಕ್ಕೆ ಹಾಕಿದ ಮೇಲೇ ಇಡೀ ಪಿಂಕಿ ಕೊಟ್ಟಿದ್ದು. ಪಿಂಕಿ ಕರಗಿಸೋ ಬಿಸಿನೀರಿಗೆ ಅಡುಗೆಮನೆಯದ್ದೇ ಒಂದು ಸಾಮಾನು ಹಾಕ್ತೀನಿ, ಅದೇನಂತ ಬರೆಯಲ್ಲ, ಅದು ನನ್ನ ಹತ್ರನೇ ಇರ್ಲಿ.

ಇದರ ಜೊತೆಗೇ ಇನ್ನೊಂದು ಮರಿ ಬಾಯೇ ಹಾಕ್ತಿರ್ಲಿಲ್ಲ. ಟ್ಯೂನಾ ಡಬ್ಬಿ ನೀರು, ಚಿಕನ್ ಸಾರು ಎಲ್ಲ ವೇಸ್ಟು. ಗೆಳೆಯನ ಅನೋಲ್ ಹಲ್ಲಿ ಬಿಟ್ಟ ಪೊರೆನ ನೆನೆಸಿ ಪಿಂಕಿಗೆ ಸವರಿದೆ, ಅರ್ಧ ಗಂಟೆಯಲ್ಲಿ ಮುಗಿಸ್ತು. ಕಾಡಲ್ಲಿ ಕಾರ್ನ್ ಮರಿಗಳು ಮೊದಮೊದಲು ತಿನ್ನೋದೇ ಹಲ್ಲಿ ಕಪ್ಪೆ, ಇಲಿ ವಾಸನೆ ಅದಕ್ಕೇನು ಗೊತ್ತು.

ಊರಲ್ಲಿರೋರು ಇದನ್ನ ಓದಿ ಕೇರೆ ಮರಿ ಹಿಡಿಯೋಕೆ ಹೋಗ್ಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ. ಇಲ್ಲಿರೋರು ಪಿಂಕಿ ಒಂದೊಂದೇ ತಗೊಂಡು ಡಾಲರ್ ಕೊಡೋ ಬದಲು ಮೂರ್ನಾಲ್ಕು ಜನ ಸೇರಿ ನೂರರ ಪ್ಯಾಕ್ ತರಿಸಿ, ಡ್ರೈ ಐಸ್ ಶಿಪ್ಪಿಂಗೇ ಪಿಂಕಿಗಿಂತ ಜಾಸ್ತಿ ಬೀಳುತ್ತೆ, ಹಂಚ್ಕೊಂಡ್ರೆ ಗಿಟ್ಟುತ್ತೆ.