ಮನೆಗೆ ಪೇಪರ್ ಹಾಕಿಸೋಣವಾ, ಬೇಡವಾ?

ಹೊಸದಾಗಿ ಸಂಸಾರ ಹೂಡಿದವರು ಹಾಲು, ಗ್ಯಾಸು ಗೊತ್ತು ಮಾಡಿಕೊಂಡ ಮೇಲೆ ಕೇಳುವ ಪ್ರಶ್ನೆ ಇದು. ಎಲ್ಲಾ ಫೋನಿನಲ್ಲೇ ಬರುತ್ತಲ್ಲ, ಪೇಪರ್ ಯಾಕೆ ಅಂತ. ಹಾಕಿಸಿ ಅಂತಲೂ ಬೇಡ ಅಂತಲೂ ನಾನು ಕಣ್ಣು ಮುಚ್ಚಿಕೊಂಡು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಅದನ್ನು ಬಿಡಿಸಿ ಓದುವವರು ಯಾರು? ಮೊದಲು ಅದನ್ನು ನೋಡಿ.

ದುಡ್ಡಿನ ಲೆಕ್ಕ ಸಣ್ಣದು, ಬೇಗ ಮುಗಿಸೋಣ. ದಿನಕ್ಕೆ 6 ರೂಪಾಯಿ ಅಂತಿಟ್ಟುಕೊಳ್ಳಿ. ತಿಂಗಳಿಗೆ 180. ಏಜೆಂಟ್ ಮನೆಗೆ ತಲುಪಿಸುವುದಕ್ಕೆ ಒಂದಿಷ್ಟು ಸೇರಿಸಿದರೆ 200ರ ಆಸುಪಾಸು, ವರ್ಷಕ್ಕೆ 2,400. ರದ್ದಿ ಮಾರಿದರೆ ಅರ್ಧ ದುಡ್ಡು ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 12 ಪುಟದ ಪೇಪರ್ ಹೆಚ್ಚುಕಡಿಮೆ 50 ಗ್ರಾಂ ತೂಗುತ್ತದೆ. ತಿಂಗಳಿಗೆ ಒಂದೂವರೆ ಕೆಜಿ. ಕೆಜಿಗೆ 12 ರೂಪಾಯಿ ಸಿಕ್ಕಿದರೂ ಕೈಗೆ ಬರುವುದು 18. ಕೊತ್ತಂಬರಿ ಸೊಪ್ಪಿಗೆ ಸರಿಹೋಯಿತು.

ಈಗಾಗಲೇ ಪೇಪರ್ ಬರುವ ಮನೆಯಾದರೆ, ರದ್ದಿಗೆ ಹಾಕುವ ಮುಂಚೆ ಆ ತಿಂಗಳ ರಾಶಿಯನ್ನು ಒಂದ್ಸಲ ಮುಂದಿಟ್ಟುಕೊಂಡು ಕೂತುಕೊಳ್ಳಿ. ಓದಿದ ಪೇಪರ್ ಮೊದಲಿನ ಮಡಿಕೆಗೆ ಸರಿಯಾಗಿ ಕೂರುವುದಿಲ್ಲ. ಪುಟ ಹಿಂದುಮುಂದಾಗಿರುತ್ತದೆ. ಮೂಲೆ ಸುಕ್ಕಾಗಿರುತ್ತದೆ. ಪದಬಂಧದ ಚೌಕದಲ್ಲಿ ಪೆನ್ನಿನ ಗೀಟು, ಎಲ್ಲೋ ಒಂದು ಕಡೆ ಕಾಫಿ ಲೋಟದ ಕಲೆ. ಓದದೇ ಬಿಟ್ಟದ್ದು ಬಂದ ಹಾಗೇ ಇರುತ್ತದೆ, ನಡುವೆ ಸೇರಿಸಿ ಕಳಿಸಿದ ಟ್ಯೂಷನ್ ಕರಪತ್ರ ಕೂಡ ಅಲ್ಲಾಡಿರುವುದಿಲ್ಲ. ಎರಡು ಗುಡ್ಡೆ ಮಾಡಿ. ಮುಟ್ಟದ ಗುಡ್ಡೆಯೇ ದೊಡ್ಡದಾದರೆ ಗಂಡ ಹೆಂಡತಿ ವಾದ ಮಾಡುವ ಅಗತ್ಯವೇ ಇಲ್ಲ. ಓದಿದ ಗುಡ್ಡೆಯಲ್ಲಿ ವಾರದ ಯಾವ ದಿನದ್ದು ಜಾಸ್ತಿ ಇದೆ ಅಂತಲೂ ನೋಡಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಶನಿವಾರ, ಭಾನುವಾರದ್ದೇ ಸಿಗುತ್ತದೆ, ಅದೂ ಪುರವಣಿ. ಅಂಥವರು ಆ ಎರಡು ದಿನ ಮಾತ್ರ ಹಾಕಿ ಅಂತ ಏಜೆಂಟನ್ನು ಕೇಳಿ ನೋಡಿ. ಆಗಲ್ಲ ಅಂದರೆ ಭಾನುವಾರ ತರಕಾರಿಗೆ ಹೋದಾಗ ಅಂಗಡಿಯಲ್ಲೇ ಕೊಂಡುಕೊಂಡರಾಯಿತು.

ಮನೆಯಲ್ಲಿ ಅತ್ತೆ, ಮಾವ ಇದ್ದರೆ ಈ ಲೆಕ್ಕವೆಲ್ಲ ಬದಿಗಿಡಿ. ಫೋನಿನಲ್ಲಿ ಅಕ್ಷರ ಹಿಗ್ಗಿಸುವುದು, ಅಡ್ಡ ಬರುವ ಜಾಹೀರಾತು ಮುಚ್ಚುವುದು ಅವರಿಗೆ ದೊಡ್ಡ ರಗಳೆ. ಪೇಪರ್ ಹತ್ತು ನಿಮಿಷ ತಡವಾದರೆ ಗೇಟಿನ ತನಕ ಹೋಗಿ ಹೋಗಿ ಬರುವವರು ಇರುವ ಮನೆಯಲ್ಲಿ 200 ರೂಪಾಯಿ ಉಳಿಸುವುದಕ್ಕೆ ಹೋಗಬಾರದು, ಅಲ್ವಾ? ಮಕ್ಕಳ ಮಾತು ಬೇರೆ. ಟೀಪಾಯಿ ಮೇಲೆ ಸುಮ್ನೆ ಇಟ್ಟರೆ ಅವರು ಮುಟ್ಟುವುದಿಲ್ಲ. ಇಂಗ್ಲಿಷ್ ಮೀಡಿಯಂ ಮಗುವಾದರೆ ದಿನಾ ಒಂದೆರಡು ತಲೆಬರಹ ಗಟ್ಟಿಯಾಗಿ ಓದಿಸಿ, ಒತ್ತಕ್ಷರಕ್ಕೆ ತಡವರಿಸುವುದು ಕಮ್ಮಿಯಾಗುತ್ತದೆ. ಕೂತು ಓದಿಸುವ ವ್ಯವಧಾನ ನಿಮಗಿಲ್ಲದಿದ್ದರೆ ಮಕ್ಕಳಿಗೋಸ್ಕರ ಅಂತ ಹಾಕಿಸಬೇಡಿ.

ಊರಿನ ಸುದ್ದಿಗಾಗಿ ಹಾಕಿಸುವವರು ಒಂದು ವಿಷಯ ತಿಳಿದಿರಬೇಕು. ಹೆಸರು ಒಂದೇ ಆದರೂ ಪೇಪರಿನ ಒಳಪುಟ ಎಲ್ಲಾ ಕಡೆ ಒಂದೇ ಅಲ್ಲ. ಜಿಲ್ಲೆಗೊಂದು ಥರ ಅಚ್ಚಾಗುತ್ತದೆ. ಬೆಂಗಳೂರಿನಲ್ಲಿ ಕೂತ ಉಡುಪಿಯವರ ಬಾಗಿಲಿಗೆ ಬರುವುದು ಬೆಂಗಳೂರಿನ ಆವೃತ್ತಿ. ಊರಿನಲ್ಲಿ ಯಾರು ತೀರಿಕೊಂಡರು, ಯಾವ ದೇವಸ್ಥಾನದ ಜಾತ್ರೆ ಯಾವತ್ತು ಅನ್ನುವುದು ಅದರಲ್ಲಿ ಸಿಗುವುದು ಕಷ್ಟ. ಅಂಥವರಿಗೆ ಫೋನಿನಲ್ಲಿ ತಮ್ಮ ಜಿಲ್ಲೆಯ ಇ-ಪೇಪರ್ ತೆರೆಯುವುದೇ ಸರಿ. ಮೈಸೂರಿನಲ್ಲೇ ಇರುವವರಿಗೆ ಆಂದೋಲನ, ಮೈಸೂರು ಮಿತ್ರದಂಥ ಅಲ್ಲಿನದೇ ಪೇಪರುಗಳಿವೆ, ಅವರ ಲೆಕ್ಕ ಬೇರೆ.

ಇನ್ನೊಂದು ದಾರಿ ಬಹಳ ಜನರಿಗೆ ಹೊಳೆಯುವುದಿಲ್ಲ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ಶೇಕಡ 6 ಕಟ್ಟುತ್ತೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಅಂದರೆ ಬಡಾವಣೆಯ ಲೈಬ್ರರಿಯಲ್ಲಿ ಮೇಜಿನ ಮೇಲೆ ಹರಡಿಟ್ಟ ಪೇಪರುಗಳಿಗೆ ಆಗಲೇ ದುಡ್ಡು ಕೊಟ್ಟಾಗಿದೆ. ಹಳ್ಳಿಯಲ್ಲಿ ಪಂಚಾಯಿತಿ ಲೈಬ್ರರಿ ಈಗ ಅರಿವು ಕೇಂದ್ರವಾಗಿದೆ. ಕೆಎಎಸ್, ಎಫ್‌ಡಿಎ ಅಂತ ಓದುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ಮನೆಗೆ ಒಂದು ಹಾಕಿಸಿ, ಉಳಿದ ಮೂರು ನಾಲ್ಕನ್ನು ಅಲ್ಲಿ ಕೂತು ಓದಿ ಟಿಪ್ಪಣಿ ಮಾಡಿಕೊಳ್ಳಿ. ನಿವೃತ್ತರಿಗೂ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ. ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ವಾರದ ರಜೆ ಯಾವತ್ತು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹಾಕಿಸುವುದೇ ಅಂತಾದರೆ ಶುರುವಿಗೆ ತಿಂಗಳ ಬಿಲ್ಲಿನ ಮೇಲೆ ಹಾಕಿಸಿ. ವರ್ಷದ ಚಂದಾ ಕಟ್ಟಿದರೆ ರಿಯಾಯಿತಿ, ಜೊತೆಗೊಂದು ಡಬ್ಬಿಯೋ ಚೀಲವೋ ಉಚಿತ ಅಂತ ಬರುತ್ತಾರೆ. ಓದುವ ಅಭ್ಯಾಸ ನಿಮ್ಮ ಮನೆಯಲ್ಲಿ ನಿಂತಿದೆ ಅಂತ ಗೊತ್ತಾದ ಮೇಲೆ ಅದು ಲಾಭವೇ, ಆದರೆ ಊರಿಗೆ ಹೋದ ದಿನಗಳ ದುಡ್ಡು ಅದರಲ್ಲಿ ಕಳೆಯುತ್ತಾರೋ ಇಲ್ಲವೋ ಕೇಳಿ. ಯುಗಾದಿ, ಗಣೇಶನ ಹಬ್ಬ, ಆಯುಧಪೂಜೆ, ದೀಪಾವಳಿಯ ಮಾರನೇ ದಿನ ಸಾಮಾನ್ಯವಾಗಿ ಪೇಪರ್ ಇರುವುದಿಲ್ಲ. ಕ್ಯಾಲೆಂಡರಿನಲ್ಲಿ ಬಾರದ ದಿನಕ್ಕೊಂದು ಗುರುತು ಹಾಕಿಟ್ಟರೆ ಬಿಲ್ ಬಂದಾಗ ಮಾತು ಬೆಳೆಯುವುದಿಲ್ಲ. ವಾರಗಟ್ಟಲೆ ಊರಿಗೆ ಹೋಗುವಾಗ ಏಜೆಂಟಿಗೇ ಫೋನ್ ಮಾಡಿ ನಿಲ್ಲಿಸಿ. ಸೈಕಲ್ಲಿನಲ್ಲಿ ಬರುವ ಹುಡುಗನಿಗೆ ಹೇಳಿದರೆ ಅವನ ಬದಲು ಬಂದವನಿಗೆ ಗೊತ್ತಾಗುವುದಿಲ್ಲ. ಗೇಟಿನೊಳಗೆ ನಾಲ್ಕು ಪೇಪರ್ ಬಿದ್ದಿದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ.

ಹಳೇ ಪೇಪರಿನ ಬಗ್ಗೆ ಒಂದೇ ಮಾತು. ಕನ್ನಡಿ ಒರೆಸಿ, ಕಪಾಟಿಗೆ ಹಾಸಿ, ಮಳೆಯಲ್ಲಿ ನೆಂದ ಶೂ ಒಳಗೆ ತುರುಕಿ. ಬಜ್ಜಿಯ ಎಣ್ಣೆ ಹೀರಲಿ ಅಂತ ಮಾತ್ರ ಅದರ ಮೇಲೆ ಹಾಕಬೇಡಿ. ಮಸಿಯಲ್ಲಿ ಸೀಸದಂಥ ವಿಷದ ಅಂಶ ಇರುತ್ತದೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲೂ ಎಚ್ಚರಿಸಿದೆ. ಉಳಿದದ್ದನ್ನು ಮನೆಯಲ್ಲೇ ತೂಗಿ ಕಟ್ಟಿಟ್ಟು ಗುಜರಿಯವನನ್ನು ಕರೆಯಿರಿ. ಅವನ ಕೊಕ್ಕೆ ತಕ್ಕಡಿಯಲ್ಲಿ ಐದು ಕೆಜಿ ನಾಲ್ಕಾಗುವುದು ಹೊಸದೇನಲ್ಲ.