ಕಾಂಡ್ಲಾ ಕಾಡನ್ನು ನೋಡುವ ಕ್ರಮ: ಕೊಡಗಿನಿಂದ ಕಡಲಿಗೆ ಇಳಿಯುವವರಿಗೆ

ಬುಡದಲ್ಲಿ ನೀರು ನಿಂತರೆ ಕಾಫಿ ಗಿಡದ ಬೇರು ಕೊಳೆಯುತ್ತದೆಂದು ಬಲ್ಲ ನಮಗೆ, ದಿನಕ್ಕೆರಡು ಬಾರಿ ಉಪ್ಪುನೀರಿನಲ್ಲಿ ಮುಳುಗೇಳುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಸುಲಭವಾಗಿ ಅರ್ಥವಾಗುವುದಿಲ್ಲ. ಬ್ರಹ್ಮಗಿರಿಯ ಬರಪೊಳೆ ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಬಳಿ ಅರಬ್ಬಿ ಸಮುದ್ರ ಸೇರುವುದರಿಂದ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಅದೇ ನೀರಿನ ದಿಕ್ಕಿನಲ್ಲಿ ಹೋಗುವುದು ಒಳ್ಳೆಯದು. ಕೃಷಿ ಕಾರ್ಮಿಕರಾಗಿದ್ದ ಕಲ್ಲೇನ್ ಪೊಕ್ಕುಡನ್ 1989ರಿಂದ ಕಾಂಡ್ಲಾ ಸಸಿಗಳನ್ನು ನೆಡುತ್ತ ಬಂದ ಪಳಯಂಗಡಿಯೂ ಕಣ್ಣೂರು ಜಿಲ್ಲೆಯಲ್ಲೇ ಇದೆ. ಮಲಯಾಳದಲ್ಲಿ ಈ ಗಿಡಗಳಿಗೆ ಕಂಡಲ್ ಎನ್ನುತ್ತಾರೆ.

ಮೊದಲು ಇಳಿತದ ಹೊತ್ತನ್ನು ತಿಳಿದುಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ಸಲ್ಲದು. ಸ್ಥಳೀಯ ಮೀನುಗಾರರನ್ನು ಕೇಳುವುದೇ ಮೇಲು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿದು ಬೇರುಗಳು ಚೆನ್ನಾಗಿ ಕಾಣುತ್ತವೆ.

ನೋಟವನ್ನು ಎಲೆಯಿಂದಲ್ಲ, ಬೇರಿನಿಂದ ಆರಂಭಿಸಿ. ಕಾಂಡದಿಂದ ಕಮಾನಿನಂತೆ ಬಾಗಿ ಕೆಸರಿಗೆ ಇಳಿದಿದ್ದರೆ ಅದು ರೈಜೋಫೊರಾ. ಪೆನ್ಸಿಲ್‌ಗಳನ್ನು ನೆಟ್ಟಂತೆ ಕೆಸರಿನಿಂದ ಮೇಲಕ್ಕೆ ಚಾಚಿದ್ದರೆ ಸಾಮಾನ್ಯವಾಗಿ ಅವಿಸೇನಿಯಾ. ಗಾಳಿಯಾಡದ ಕೆಸರಿನಲ್ಲಿ ಉಸಿರಾಡಲು ಈ ಕಡ್ಡಿಬೇರುಗಳೇ ಆಧಾರವಾದ್ದರಿಂದ ಅವುಗಳ ಮೇಲೆ ಕಾಲಿಡಬೇಡಿ. ಅವಿಸೇನಿಯಾದ ಎಲೆಯ ಮೇಲೆ ಉಪ್ಪಿನ ಹರಳುಗಳಿರುತ್ತವೆ. ಆದರೆ ಗುರುತು ಸಿಗದ ಗಿಡದ ಎಲೆಯನ್ನು ಕಿತ್ತು ರುಚಿ ನೋಡಬಾರದು. ಎಕ್ಸೊಕೇರಿಯಾ ಎಂಬ ಗಿಡದ ಬಿಳಿ ಹಾಲು ಕಣ್ಣಿಗೆ ಬಿದ್ದರೆ ತಾತ್ಕಾಲಿಕವಾಗಿ ದೃಷ್ಟಿ ಹೋಗುವಷ್ಟು ತೀಕ್ಷ್ಣವಾದದ್ದು.

ರೈಜೋಫೊರಾದ ಕೊಂಬೆಗಳಿಂದ ನುಗ್ಗೆಕಾಯಿಯಂತೆ ಇಳಿಬಿದ್ದಿರುವುದನ್ನು ಕಾಯಿ ಎಂದುಕೊಳ್ಳಬೇಡಿ. ನಾವು ಪಾತಿಯಲ್ಲಿ ಬೀಜ ಬಿತ್ತಿ, ಟೋಪಿ ಹೊತ್ತ ಕಾಫಿ ಮೊಳಕೆಗಾಗಿ ಕಾಯುತ್ತೇವೆ. ಇಲ್ಲಿ ತಾಯಿಮರವೇ ನರ್ಸರಿ. ಬೀಜ ಮರದಲ್ಲೇ ಮೊಳೆತು, ಉದ್ದನೆಯ ಸಸಿಯಾಗಿ ಬೆಳೆದು, ಕೆಳಗೆ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ ಅಥವಾ ತೇಲಿ ಬೇರೆ ದಡ ಸೇರುತ್ತದೆ.

ಬಳಿಕ ಹತ್ತು ನಿಮಿಷ ಸದ್ದಿಲ್ಲದೆ ನಿಂತರೆ ಬಿಲಗಳಿಂದ ಏಡಿಗಳು ಹೊರಬರುತ್ತವೆ. ಉದುರಿದ ಎಲೆಗಳನ್ನು ಅವು ತುಂಡರಿಸುವುದರಿಂದ ಇಲ್ಲಿನ ಆಹಾರ ಸರಪಳಿ ಮುಂದುವರಿಯುತ್ತದೆ. ಸೀಗಡಿ ಮತ್ತು ಮೀನುಗಳ ಮರಿಗಳಿಗೆ ಬೇರುಗಳ ಸಂದಿಯೇ ಆಶ್ರಯ. ಈ ಕಾಡನ್ನು ಕಡಿದರೆ ಮೀನುಗಾರರ ಬಲೆ ಬರಿದಾಗುತ್ತದೆ, ಅಲೆಯ ಹೊಡೆತಕ್ಕೆ ದಡ ಕೊರೆಯುತ್ತದೆ, ಕೆಸರಿನಲ್ಲಿ ಹುದುಗಿರುವ ಇಂಗಾಲ ಮತ್ತೆ ಗಾಳಿ ಸೇರುತ್ತದೆ. ಇದನ್ನು ‘ಪಾಳುಭೂಮಿ’ ಎಂದು ಕರೆಯುವವರು ಒಮ್ಮೆ ಅಲ್ಲಿನ ಮೀನು ಮಾರುಕಟ್ಟೆಗೆ ಹೋಗಿ ಬರಬೇಕು.

ಇಳಿತ ಮುಗಿದು ಬಿಲಗಳಿಗೆ ನೀರು ನುಗ್ಗತೊಡಗಿದ ಕೂಡಲೇ ದಡಕ್ಕೆ ಹಿಂತಿರುಗಿ. ಕೆಸರಿನಲ್ಲಿ ಅವಸರದ ನಡಿಗೆ ಸಾಧ್ಯವಿಲ್ಲ.