ಮಂದಿ ಬಂದಾಗ ಮಂದಿಯನ್ನು ಕಾಪಾಡಿಕೊಳ್ಳುವುದು ಹೇಗೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಕಡಿಮೆಯಾದರೆ ಎಲ್ಲರೂ ‘ಮಂದಿ ಆಲೀ’ ಅಂತಾರೆ. ಮರಾಠಿಯಲ್ಲಿ ಮಂದಿ ಅಂದರೆ ವ್ಯಾಪಾರ ಬಿದ್ದುಹೋಗುವುದು. ನಮ್ಮ ವಿಜಯಪುರದ ಕಡೆ ಮಂದಿ ಅಂದರೆ ಜನ. ಆ ಮಂದಿ ಬಂದಾಗ ಈ ಮಂದಿಯನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನೇ ನಮ್ಮಂಥ ಸಣ್ಣ ವರ್ಕ್‌ಶಾಪ್ ನಡೆಸುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವರ್ಕ್‌ಶಾಪಿನಲ್ಲಿ 22 ಕೆಲಸಗಾರರಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಜನ ಇಂಡಿ, ಅಫಜಲಪುರ, ಜಮಖಂಡಿ ಕಡೆಯವರು. ಬೇರೆ ಕಂಪನಿಗಳ ಆರ್ಡರ್ ಮೇಲೆ ಲಾರಿಗಳಿಗೆ ಬುಷ್, ಪಿನ್‌ನಂಥ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್ ನಮ್ಮದು. ಮಷಿನ್ ನಮ್ಮ ಮನೆಯ ಯಜಮಾನರು ನೋಡಿಕೊಳ್ಳುತ್ತಾರೆ. ಹಾಜರಿ, ಪಗಾರ, ಬ್ಯಾಂಕು, ಜನರ ಕಷ್ಟಸುಖ ನನ್ನ ಪಾಲಿಗೆ. 2019ರ ಮಂದಿಯಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. 2020ರ ಲಾಕ್‌ಡೌನ್ ಹೊತ್ತಿಗೆ ಸ್ವಲ್ಪ ಕಲಿತಿದ್ದೆ.

ಎಲ್ಲಕ್ಕಿಂತ ಮೊದಲು, ಕೆಟ್ಟ ಸುದ್ದಿ ನಿಮ್ಮ ಬಾಯಿಂದಲೇ ಬರಲಿ.

2019ರಲ್ಲಿ ಏನಾಯ್ತು ಹೇಳುತ್ತೇನೆ. ಲಾರಿಗಳು ಹೊರಬಹುದಾದ ಭಾರದ ಮಿತಿಯನ್ನು ಸರ್ಕಾರ 2018ರಲ್ಲಿ ಏರಿಸಿತ್ತು. ಇದ್ದ ಲಾರಿಯಲ್ಲೇ ಜಾಸ್ತಿ ಸಾಮಾನು ಹೋಗುವಾಗ ಹೊಸದನ್ನು ಯಾರು ಕೊಳ್ಳುತ್ತಾರೆ? ಗಾಡಿ ಸಾಲ ಸಿಗುವುದೂ ಕಷ್ಟವಾಗಿತ್ತು. 2020ರ ಏಪ್ರಿಲ್ 1ರಿಂದ ಕಡಿಮೆ ಹೊಗೆಯ ಬಿಎಸ್-6 ಗಾಡಿ ಮಾತ್ರ ಮಾರಬೇಕು ಅನ್ನುವ ನಿಯಮ ಬೇರೆ. ದೊಡ್ಡ ವಾಹನ ಕಾರ್ಖಾನೆಗಳು ‘ಬ್ಲಾಕ್ ಕ್ಲೋಸರ್’ ಅಂತ ಆಗಾಗ ಕೆಲವು ದಿನ ಬಾಗಿಲು ಹಾಕಿದವು. ನಮ್ಮ ಆರ್ಡರ್ ಅರ್ಧಕ್ಕೆ ಇಳಿಯಿತು. ಮುಂದಿನ ತಿಂಗಳು ಸರಿಹೋಗುತ್ತೆ ಅಂತ ನಾವು ಎರಡು ತಿಂಗಳು ಯಾರಿಗೂ ಏನೂ ಹೇಳಲಿಲ್ಲ. 7ಕ್ಕೆ ಆಗುತ್ತಿದ್ದ ಪಗಾರ ಒಂದು ತಿಂಗಳು 16ಕ್ಕೆ, ಇನ್ನೊಂದು ತಿಂಗಳು 19ಕ್ಕೆ ಆಯಿತು. ಮಷಿನ್ ಮಾರುತ್ತಾರಂತೆ ಅಂತ ಚಹಾದ ಗಾಡಿಯ ಹತ್ತಿರ ಗುಸುಗುಸು ಶುರುವಾಯಿತು. ಒಂದೇ ವಾರದಲ್ಲಿ ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮಷಿನ್ ಹೊಂದಿಸುವ ಇಬ್ಬರು ಒಳ್ಳೆಯ ಸೆಟ್ಟರ್‌ಗಳು ಬಿಟ್ಟುಹೋದರು.

ಆಗ ಇಂಡಿ ಕಡೆಯ ಹಿರಿಯ ಟರ್ನರ್ ಒಬ್ಬರು ಬಂದು ನನ್ನ ಟೇಬಲ್ ಮುಂದೆ ನಿಂತರು. “ಅಕ್ಕಾರ, ಪಗಾರ ಕಡಿಮಿ ಕೊಡ್ರಿ, ನಡೀತದ. ಆದ್ರ ಎಷ್ಟು ಬರ್ತದ, ಯಾವಾಗ ಬರ್ತದ ಅಂತ ಮೊದಲ ಹೇಳ್ರಿ. ನಾವೂ ಮನಿ ನಡಸಬೇಕಲ್ರಿ” ಅಂದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಈಗ ಕೆಲಸ ಇಳಿಯುವ ಲಕ್ಷಣ ಕಂಡ ವಾರವೇ ಸಭೆ ಮಾಡುತ್ತೇವೆ. ಭೋಸರಿಯಲ್ಲಿ ಗುರುವಾರ ವಾರದ ರಜೆ. ಹಾಗಾಗಿ ಬುಧವಾರ ಸಂಜೆ ಸಭೆ ಇಡಬೇಡಿ. ಕೆಟ್ಟ ಸುದ್ದಿ ತಲೆಯಲ್ಲಿಟ್ಟುಕೊಂಡು ಮನೆಗೆ ಹೋದವರು ರಜೆಯ ದಿನವೆಲ್ಲ ಕೊರಗುತ್ತಾರೆ, ಕೇಳಲು ನೀವು ಸಿಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಒಳ್ಳೆಯದು. ಆಫೀಸಿಗೆ ಒಬ್ಬೊಬ್ಬರನ್ನೇ ಕರೆಯಬೇಡಿ. ಮಷಿನ್ ನಿಲ್ಲಿಸಿ, ಎಲ್ಲರನ್ನೂ ಒಂದೇ ಕಡೆ ಸೇರಿಸಿ. ಬೋರ್ಡಿನ ಮೇಲೆ ಮೂರು ಅಂಕಿ ಬರೆಯಿರಿ: ಕೈಯಲ್ಲಿರುವ ಆರ್ಡರ್ ಎಷ್ಟು, ಬರಬೇಕಾದ ಬಾಕಿ ಎಷ್ಟು, ಬ್ಯಾಂಕಿನಲ್ಲಿರುವ ದುಡ್ಡು ಎಷ್ಟು ದಿನದ ಪಗಾರಕ್ಕೆ ಸಾಲುತ್ತದೆ. ಈ ಮೂರನೆಯದನ್ನು ಬರೆಯುವಾಗ ನನ್ನ ಕೈ ನಡುಗಿತ್ತು. ಆದರೆ ಅದನ್ನು ನೋಡಿದ ಮೇಲೆ ಗುಸುಗುಸು ನಿಂತಿತು. ಕೆಲಸ ಯಾಕೆ ಇಳಿಯಿತು ಅನ್ನುವ ಕಾರಣವನ್ನೂ ಹೇಳಿ. ಎಷ್ಟೋ ಜನ ತಮ್ಮ ಕೆಲಸದಲ್ಲೇ ಏನೋ ತಪ್ಪಾಗಿದೆ, ಮಾಲು ರಿಜೆಕ್ಟ್ ಆಗಿದೆ ಅಂದುಕೊಂಡು ಒಳಗೊಳಗೇ ಬೇಯುತ್ತಿರುತ್ತಾರೆ.

‘ಯಾರನ್ನೂ ತೆಗೆಯಲ್ಲ’ ಅಂತ ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ‘ದೀಪಾವಳಿಯವರೆಗೆ ಯಾರನ್ನೂ ತೆಗೆಯಲ್ಲ, ಆಮೇಲಿನದನ್ನು ದಸರೆ ಹೊತ್ತಿಗೆ ಕೂತು ಹೇಳುತ್ತೇನೆ’ ಅನ್ನಿ. ಹೇಳಿದ ದಿನ ತಪ್ಪದೆ ಕೂತು ಮಾತಾಡಿ, ಹೊಸ ಸುದ್ದಿ ಏನೂ ಇಲ್ಲದಿದ್ದರೂ.

ಪಗಾರ ಕೊಡಬೇಕಾದರೆ ಮೊದಲು ನಿಮ್ಮ ದುಡ್ಡು ಬರಬೇಕು ಅಲ್ವಾ? ನಿಮ್ಮದು ಸಣ್ಣ ಉದ್ಯಮವಾಗಿದ್ದರೆ ಉದ್ಯಮ್ ನೋಂದಣಿ ಮಾಡಿಸಿ, ಆ ನಂಬರನ್ನು ಪ್ರತಿ ಬಿಲ್ಲಿನ ಮೇಲೆ ಹಾಕಿ. ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಅವಧಿ ಮೀರಿಸಿದ ಗಿರಾಕಿಗೆ, ದುಡ್ಡು ಕೊಡುವವರೆಗೂ ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಲು ಬರುವುದಿಲ್ಲ. ಇದನ್ನು ಗಿರಾಕಿಯ ಅಕೌಂಟ್ಸ್ ವಿಭಾಗಕ್ಕೆ ಮರ್ಯಾದೆಯಿಂದಲೇ ನೆನಪಿಸಿ. ನಾಲ್ಕು ತಿಂಗಳು ಸತಾಯಿಸಿದ್ದ ಒಬ್ಬ ಗಿರಾಕಿ ಈ ಒಂದು ಪತ್ರಕ್ಕೆ ಮಾರ್ಚ್ ಕೊನೆಯಲ್ಲಿ ದುಡ್ಡು ಹಾಕಿದರು.

ಇನ್ನು ಖರ್ಚು ಕಡಿತ. ಮೊದಲು ಕಡಿತ ಮಾಡಬೇಕಾದ್ದು ನಿಮ್ಮ ಮನೆಗೆ ಹೋಗುವ ದುಡ್ಡನ್ನು. ನಾವು ಅರ್ಧ ಮಾಡಿಕೊಂಡು, ಅದನ್ನೂ ಬೋರ್ಡಿನ ಮೇಲೆ ಬರೆದೆವು. ಆಮೇಲೆ ಓವರ್‌ಟೈಮ್, ಆಮೇಲೆ ಎರಡನೇ ಶಿಫ್ಟ್. ಅಷ್ಟಕ್ಕೂ ಸಾಲದಿದ್ದರೆ ಜನರ ಬದಲು ದಿನಗಳನ್ನು ಕಡಿಮೆ ಮಾಡಿ. ತಿಂಗಳಿಗೆ 26 ದಿನದ ಕೆಲಸವನ್ನು ಸರದಿಯ ಮೇಲೆ 22 ದಿನ ಮಾಡಿದೆವು. ಎಲ್ಲರಿಗೂ ಸುಮಾರು ಶೇ 15ರಷ್ಟು ಪಗಾರ ಕಡಿಮೆಯಾಯಿತು, ಆಗ ಯಾರ ಕೆಲಸವೂ ಹೋಗಲಿಲ್ಲ. ಹೆಲ್ಪರ್‌ಗಳದ್ದು ಮಾತ್ರ ಮುಟ್ಟಲಿಲ್ಲ. ಖೋಲಿ ಬಾಡಿಗೆ ಕಟ್ಟಿ ಊರಿಗೆ ದುಡ್ಡು ಕಳಿಸುವವರ ಕೈಯಲ್ಲಿ ಕತ್ತರಿಸಲು ಏನಿರುತ್ತದೆ? ಇಂಥ ಬದಲಾವಣೆಗೆ 21 ದಿನ ಮೊದಲೇ ನೋಟಿಸ್ ಕೊಡಬೇಕೆಂಬ ಕಾನೂನಿದೆ. ಕನ್ನಡ, ಮರಾಠಿ ಎರಡರಲ್ಲೂ ಬರೆದು, ಓದಿ ಹೇಳಿ, ಸಹಿ ತೆಗೆದುಕೊಳ್ಳಿ.

ಕಡಿಮೆ ಪಗಾರವಾದರೂ ತಾರೀಖು ತಪ್ಪಿಸಬೇಡಿ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ದುಡ್ಡನ್ನು ‘ಸುಮ್ನೆ ಒಂದು ತಿಂಗಳು’ ಅಂತ ಬೇರೆ ಕಡೆ ತಿರುಗಿಸಬೇಡಿ. ಅವರ ಪಗಾರದಿಂದ ಹಿಡಿದ ದುಡ್ಡು ಅವರದು. ಮುಂದಿನ ತಿಂಗಳ 15ರೊಳಗೆ ಕಟ್ಟಲೇಬೇಕು. ಕಂತು ತಪ್ಪಿ ಇಎಸ್‌ಐ ಆಸ್ಪತ್ರೆಯಲ್ಲಿ ಯಾರದಾದರೂ ಹೆಂಡತಿಯ ಹೆರಿಗೆಗೆ ತೊಂದರೆಯಾದರೆ ನಿಮಗೆ ರಾತ್ರಿ ನಿದ್ದೆ ಬರುತ್ತದೆಯೇ?

ಖಾಲಿ ದಿನಗಳಲ್ಲಿ ಮಷಿನ್ ಬಿಚ್ಚಿ ಸರ್ವಿಸ್ ಮಾಡಿಸಿ, ಹೆಲ್ಪರ್‌ಗಳಿಗೆ ಸೆಟ್ಟಿಂಗ್ ಕಲಿಸಿ. ನಮ್ಮಲ್ಲಿ ಇಬ್ಬರು ಹಾಗೇ ಆಪರೇಟರ್ ಆದರು.

ಈಗ ಒಬ್ಬೊಬ್ಬರ ಮಾತು. ಸಭೆಯಲ್ಲಿ ಯಾರೂ ಮನೆಯ ಕಷ್ಟ ಹೇಳುವುದಿಲ್ಲ. ಹಾಜರಿ ಪುಸ್ತಕ ಹೇಳುತ್ತದೆ. ಯಾವತ್ತೂ ತಡಮಾಡದವರು ತಡವಾಗಿ ಬರುವುದು, ಡಬ್ಬಿ ತರುವುದನ್ನು ಬಿಟ್ಟು ಬರೀ ಚಹಾ ಕುಡಿಯುವುದು, ಪದೇ ಪದೇ ಅಡ್ವಾನ್ಸ್ ಕೇಳುವುದು. ಇವನ್ನು ಕಂಡರೆ ಪಕ್ಕಕ್ಕೆ ಕರೆದು ಕೂರಿಸಿ. ಬೈಯಬೇಡಿ, ಕೇಳಿ. ಒಬ್ಬ ಹುಡುಗ ಭಿಶಿ (ಚೀಟಿ) ಕಟ್ಟಲು ನೂರಕ್ಕೆ ತಿಂಗಳಿಗೆ 10 ರೂಪಾಯಿ ಬಡ್ಡಿಯ ಕೈಸಾಲ ಮಾಡಿದ್ದ. ನಾವು ಆ ಸಾಲ ತೀರಿಸಿ, ಬಡ್ಡಿಯಿಲ್ಲದೆ ಹತ್ತು ತಿಂಗಳಲ್ಲಿ ಹಿಡಿದುಕೊಂಡೆವು. ಜೂನ್ ತಿಂಗಳಲ್ಲಿ ಶಾಲೆ ಫೀಗೆ ಅಡ್ವಾನ್ಸ್ ಕೊಡಲು ಸ್ವಲ್ಪ ದುಡ್ಡು ತೆಗೆದಿಡಿ. ಮಾತೇ ಕಡಿಮೆಯಾಗಿ, ಬದುಕು ಸಾಕು ಅನ್ನುವವರನ್ನು ಒಬ್ಬರನ್ನೇ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನಾನು ಪಕ್ಕದಲ್ಲಿ ಕೂತು ಫೋನ್ ಹಚ್ಚಿಕೊಟ್ಟಿದ್ದೇನೆ. ನಂಬರ್ ಬರೀ ಗೋಡೆಗೆ ಅಂಟಿಸಿದರೆ ಯಾರೂ ಮಾಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಜನರನ್ನು ಕಳಿಸಬೇಕಾಗುತ್ತದೆ. 2020ರಲ್ಲಿ ನಾವೂ ಮೂವರನ್ನು ಕಳಿಸಿದೆವು. ಕೊನೆಗೆ ಸೇರಿದವರು ಮೊದಲು ಹೋಗಬೇಕು ಅನ್ನುವುದು ಕಾನೂನಿನ ಕ್ರಮ. ನಿಮಗೆ ಬೇಡವಾದವರನ್ನು ಆರಿಸಿ ತೆಗೆಯಲು ವ್ಯಾಪಾರದ ಮಂದಿಯನ್ನು ನೆಪ ಮಾಡಿಕೊಳ್ಳಬೇಡಿ. ವರ್ಷ ತುಂಬಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಪಗಾರ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರ ಕೊಡಬೇಕು. ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ ಬೇರೆ. ಅದರ ಲೆಕ್ಕ ಹೀಗೆ: ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,600 ಇದ್ದರೆ, 26ರಿಂದ ಭಾಗಿಸಿ ದಿನಕ್ಕೆ 600. ವರ್ಷಕ್ಕೆ 15 ದಿನ ಅಂದರೆ 9,000. ಎಂಟು ವರ್ಷಕ್ಕೆ 72,000. ಕಾಗದದ ಮೇಲೆ ಅವರೆದುರೇ ಬರೆದು ತೋರಿಸಿ. ಇಎಸ್‌ಐ ವಿಮೆ ಇದ್ದು ಕೆಲಸ ಕಳೆದುಕೊಂಡವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಇದೆ. 2020ರಲ್ಲಿ ಅದರ ಪರಿಹಾರವನ್ನು ಸರಾಸರಿ ದಿನದ ಪಗಾರದ ಅರ್ಧಕ್ಕೆ ಏರಿಸಿದರು, 90 ದಿನದವರೆಗೆ ಸಿಗುತ್ತದೆ. ಅವಧಿ ಆಗಾಗ ಮುಂದುವರಿಸುತ್ತಾರೆ, ಹಾಗಾಗಿ ಇಎಸ್‌ಐ ಶಾಖೆಯಲ್ಲಿ ಕೇಳಿ ಫಾರ್ಮ್ ನೀವೇ ತುಂಬಿಸಿಕೊಡಿ. ಅನುಭವ ಪತ್ರವನ್ನು ಅದೇ ದಿನ ಕೊಡಿ. ಚಾಕಣ, ಚಿಖಲಿ ಕಡೆ ಪರಿಚಯದ ವರ್ಕ್‌ಶಾಪ್‌ಗಳಿಗೆ ನೀವೇ ಫೋನ್ ಮಾಡಿ.

ಕಳಿಸಿದವರ ಹೆಸರು, ಊರು, ಮನೆಯವರ ಫೋನ್ ನಂಬರ್ ಒಂದು ಪುಸ್ತಕದಲ್ಲಿ ಇರಲಿ. ಕೆಲಸ ಮತ್ತೆ ಶುರುವಾದಾಗ ಮೊದಲ ಫೋನ್ ಅವರಿಗೇ ಹೋಗಬೇಕು. ಬರೀ ‘ಬಾ’ ಅಂದರೆ ಸಾಲದು. ತಿಂಗಳುಗಟ್ಟಲೆ ಊರಲ್ಲಿ ಕೂತವರ ಕೈಯಲ್ಲಿ ಬಸ್ ಚಾರ್ಜಿಗೂ ದುಡ್ಡಿರುವುದಿಲ್ಲ. ಅಫಜಲಪುರದ ಹುಡುಗನಿಗೆ ಬಸ್ ಚಾರ್ಜು, ಖೋಲಿಯ ಡಿಪಾಸಿಟ್, ಮೊದಲ ಹದಿನೈದು ದಿನದ ಮೆಸ್ಸಿನ ದುಡ್ಡು ಸೇರಿಸಿ ಮೊದಲೇ ಅವನ ಅಕೌಂಟಿಗೆ ಹಾಕಿದೆವು. ಅವನು ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಇದ್ದ.